ಮುದ್ರೆ ಮೇಲೆ, ಮುದ್ರೆ ಕೆಳಗೆ

ಪುಕ್ಕಲ ಅಂತ ಹೆಸರಿಟ್ಟವಳು ಅಕ್ಕನೇ. ಐದು ವರ್ಷದವನಿದ್ದಾಗ ಜಿರಲೆ ಕಂಡು ಹಾಲಿನ ಕ್ಯಾನಿನ ಮೇಲೆ ಹತ್ತಿ ಕೂತಿದ್ದನಂತೆ, ಅಷ್ಟಕ್ಕೇ. ಈಗ ನಲವತ್ತನಾಲ್ಕಾದರೂ ಹೆಸರು ಬಿಟ್ಟಿಲ್ಲ, ಚೀಸ್ ಕೊಳ್ಳಲು ಬರುವ ಗಿರಾಕಿಗಳು ಕೂಡ "ಎಲ್ಲಿ ನಮ್ಮ ಪುಕ್ಕಲ?" ಅಂತಲೇ ಕೇಳುತ್ತಾರೆ. ಅದನ್ನು ಹೇಗೋ ನುಂಗಿಕೊಂಡಿದ್ದ. ನುಂಗಲಾಗದ್ದು ಬೇರೆ ಇತ್ತು. ಬರುವ ಗುರುವಾರ ಅಕ್ಕ ಈ ಚೀಸ್ ಮನೆಯನ್ನು ದೊಡ್ಡ ಡೈರಿಯವರಿಗೆ ಬರೆದುಕೊಡುವವಳಿದ್ದಳು. ಅಪ್ಪನ ಉಯಿಲಿನ ಪ್ರಕಾರ ಅವಳಿರುವ ತನಕ ಅವಳ ಮಾತೇ ಕೊನೆ. ಅವಳ ನಂತರ ಎಲ್ಲವೂ ತಮ್ಮನದು.

ಡೈರಿಯವನು ಬಂದು ನೋಡಿಕೊಂಡು ಹೋಗಿದ್ದ. ನೆಲಮಾಳಿಗೆಯಲ್ಲಿ ಹಣ್ಣಾಗುತ್ತಿದ್ದ ನೂರನಲವತ್ತು ದೊಡ್ಡ ಹಳದಿ ಚೀಸ್ ಚಕ್ರಗಳನ್ನು ತಟ್ಟಿ ತಲೆದೂಗಿದ. ಮೇಲಿನ ಕೋಣೆಗೆ ಬಂದವನೇ ಮೂಗು ಮುಚ್ಚಿಕೊಂಡ. ಅಲ್ಲಿದ್ದದ್ದೆಲ್ಲ ಪುಕ್ಕಲನ ಮಕ್ಕಳು: ಬೂದಿಯಲ್ಲಿ ಹೊರಳಿಸಿದ ಮೇಕೆ ಹಾಲಿನ ಉಂಡೆಗಳು, ಎಲೆಯಲ್ಲಿ ಸುತ್ತಿ ದಾರ ಕಟ್ಟಿದವು, ಕಣ್ಣಿಗೆ ಕಾಣದ ಹುಳ ಮೇಯ್ದು ಸಿಪ್ಪೆಯೆಲ್ಲ ಕಂದು ಪುಡಿಯಾದವು, ದಿನವೂ ಉಪ್ಪುನೀರಲ್ಲಿ ಒರೆಸಿ ಒರೆಸಿ ಕೆಂಪಾದವು. "ಈ ನಾತದ್ದನ್ನೆಲ್ಲ ಮೊದಲ ದಿನವೇ ಗುಡಿಸಿ ಹಾಕ್ತೀವಿ ಮೇಡಂ," ಅಂದ. ಅಕ್ಕ ನಕ್ಕಳು. ಹನ್ನೊಂದು ವರ್ಷದ ದುಡಿಮೆಗೆ ಆ ನಗು. ಪುಕ್ಕಲನಿಗೆ ಸಿಟ್ಟು ಉಕ್ಕಿತು, ಅದರ ಹಿಂದೆಯೇ ಹೆದರಿಕೆಯೂ ಬಂತು. ಏನು ಮಾಡಬೇಕೆಂದು ಹೊಳೆದುಬಿಟ್ಟಿತ್ತು.

ಆದರೆ ಹೆದರುವವನಷ್ಟು ಚೆನ್ನಾಗಿ ಲೆಕ್ಕಾಚಾರ ಹಾಕುವವರು ಯಾರಿದ್ದಾರೆ? ಧೈರ್ಯಸ್ಥ ಎಲ್ಲಾದರೂ ಒಂದು ಕಡೆ ಉಡಾಫೆ ಮಾಡಿಬಿಡುತ್ತಾನೆ. ಪುಕ್ಕಲ ಹಾಗಲ್ಲ, ಬೀಗ ಹಾಕಿದ ಮೇಲೂ ಮೂರು ಸಲ ಜಗ್ಗಿ ನೋಡುವವನು.

ಅಕ್ಕನಿಗೆ ಆ ಕೆಂಪು ಚೀಸ್ ಅಂದರೆ ಪ್ರಾಣ. ಒದ್ದೆ ಕಾಲುಚೀಲದ ವಾಸನೆ ಹೊಡೆಯುವ ಅದನ್ನು ಅವನು ಮೇಲಿನ ಕೋಣೆಯ ತುತ್ತತುದಿಯ ಹಲಗೆಯ ಮೇಲಿಡುತ್ತಿದ್ದ. ದಿನವೂ ಹತ್ತು ಗಂಟೆಗೆ ಅಕ್ಕ ಏಣಿ ಹತ್ತಿ, ಒಂದೊಂದನ್ನೇ ಮೂಸಿ, ಬೆರಳಲ್ಲಿ ಒತ್ತಿ ಇಳಿಯುತ್ತಾಳೆ. ಕೆಳಗೆ ಕಲ್ಲಿನ ನೆಲ. ಅರವತ್ತು ದಾಟಿದ ಹೆಂಗಸು ಏಣಿಯಿಂದ ಜಾರಿದರೆ ಯಾರಿಗೆ ಅನುಮಾನ?

ಅನುಮಾನ ಬಂದರೂ ಅವನು ಅಲ್ಲಿರಬಾರದು. ಅದಕ್ಕೆ ಸಾಕ್ಷಿ ಹೇಳಲು ಚಕ್ರಗಳಿದ್ದವು. ಹದಿನಾಲ್ಕು ಕಿಲೋದ ಒಂದೊಂದು ಚಕ್ರವನ್ನೂ ದಿನಕ್ಕೊಮ್ಮೆ ಮಗುಚಿ ಹಾಕಬೇಕು, ಇಲ್ಲದಿದ್ದರೆ ಒಂದೇ ಮಗ್ಗುಲಿಗೆ ನೀರು ಇಳಿದು ಕೊಳೆಯುತ್ತದೆ. ಚಕ್ರದ ಒಂದು ಮುಖಕ್ಕೆ ಕೆಂಪು ಮುದ್ರೆ. ಇವತ್ತು ಮುದ್ರೆ ಮೇಲಿದ್ದರೆ ನಾಳೆ ಕೆಳಗೆ. ಬಾಗಿಲ ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತದೆ, ಮಂಗಳವಾರ ಮೇಲೆ, ಬುಧವಾರ ಕೆಳಗೆ. ಒಬ್ಬನೇ ನಿಂತರೆ ಎರಡು ಗಂಟೆಯ ಕೆಲಸ. ಬೆನ್ನು ನೋವಿದ್ದರೆ ನಾಲ್ಕು.

ಆದ್ದರಿಂದ ಸೋಮವಾರದಿಂದಲೇ ಬೆನ್ನು ನೋವು ಶುರುವಾಯಿತು. ಕೂರುವಾಗ "ಅಮ್ಮಾ" ಅಂದ, ಏಳುವಾಗ "ಅಯ್ಯೋ" ಅಂದ. ಡಾಕ್ಟರ ಹತ್ತಿರ ಹೋಗಿ ಮುಲಾಮು ಬರೆಸಿಕೊಂಡು ಬಂದ. ಅಕ್ಕ ಸೊಂಟಕ್ಕೆ ಕೈ ಇಟ್ಟು ನೋಡಿದಳು.

"ಎಲ್ಲೋ ನೋವು? ಇಲ್ಲೇನಾ?"

"ಅಲ್ಲೇ ಅಕ್ಕ. ಬಗ್ಗೋಕೇ ಆಗ್ತಿಲ್ಲ."

"ಎರಡು ದಿನ ಮಲಗು ಮಾರಾಯ. ಚಕ್ರಗಳೇನು ಓಡಿ ಹೋಗಲ್ಲ."

"ನಾನು ಮಲಗಿದ್ರೆ ಅವು ಕೊಳೀತಾವೆ. ನಿಧಾನಕ್ಕೆ ಮಾಡ್ಕೋತೀನಿ ಬಿಡು."

ಮಂಗಳವಾರ ಸಂಜೆ ಎಲ್ಲರೂ ಹೋದ ಮೇಲೆ ನೆಲಮಾಳಿಗೆಗೆ ಇಳಿದು ನೂರನಲವತ್ತನ್ನೂ ಮಗುಚಿಟ್ಟ. ಮುದ್ರೆಗಳೆಲ್ಲ ಕೆಳಗೆ. ಬುಧವಾರದ ಕೆಲಸ ಬುಧವಾರ ಹುಟ್ಟುವ ಮೊದಲೇ ಮುಗಿದಿತ್ತು. ಎಣಿಸಿದ, ಮತ್ತೆ ಎಣಿಸಿದ. ಒಂದೂ ತಪ್ಪಿರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಹಾಲು ಕಾಯಿಸುವ ಹೆಂಗಸರ ಎದುರೇ ಸೊಂಟ ಹಿಡಿದುಕೊಂಡು ಮೆಟ್ಟಿಲಿಳಿದ. ಹಲಗೆಯ ಮೇಲೆ "ಬುಧವಾರ, ಕೆಳಗೆ" ಎಂದು ಬರೆದು, ಬಾಗಿಲು ಹಾಕಿಕೊಂಡು ಕೂತ. ಎರಡು ಗಂಟೆ. ಬೇಡ, ಎದ್ದು ಹೋಗಿ ಅಕ್ಕನ ಕಾಲಿಗೆ ಬಿದ್ದುಬಿಡಲೇ ಅನ್ನಿಸಿತು. ಆಗ ಡೈರಿಯವನು ಮೂಗು ಮುಚ್ಚಿಕೊಂಡದ್ದು ನೆನಪಾಯಿತು. ಎದ್ದ. ಗೋಣಿಚೀಲ ಎಳೆಯಲೆಂದು ಮಾಡಿದ್ದ ಒಳಗಿನ ಸಣ್ಣ ಮೆಟ್ಟಿಲು ಹತ್ತಿ ಮೇಲಿನ ಕೋಣೆಗೆ ಬಂದ.

ಅಕ್ಕ ಏಣಿಯ ತುದಿಯಲ್ಲಿದ್ದಳು, ಅಂಗೈಯಲ್ಲಿ ಕೆಂಪು ಚೀಸು. ಸದ್ದಿಗೆ ತಿರುಗಿ ನೋಡಿ ಮುಖ ಅರಳಿಸಿದಳು.

"ಬಂದ್ಯಾ? ನಿನ್ನನ್ನೇ ಹುಡುಕ್ತಿದ್ದೆ ಕಣೋ. ಬೆಳಿಗ್ಗೆ ನಾನು ಕೆಳಗೆ ಹೋಗಿ ನೋಡಿದ್ರೆ..."

ಕೇಳಿಸಿಕೊಳ್ಳುವ ತ್ರಾಣ ಅವನಲ್ಲಿರಲಿಲ್ಲ. ಇನ್ನೊಂದು ಮಾತು ಕೇಳಿದರೆ ತನ್ನಿಂದ ಆಗುವುದಿಲ್ಲ ಎಂದು ಗೊತ್ತಿತ್ತು. ಕಣ್ಣು ಮುಚ್ಚಿ ಏಣಿಯನ್ನು ಎಳೆದುಬಿಟ್ಟ.

ಮತ್ತೆ ಕೆಳಗೆ ಬಂದು ಕೂತ. ಮೇಲೆ ಹೆಂಗಸರು ಕಿರುಚಿದಾಗ ಓಡಿ ಬಂದ. ಆ ಅಳುವನ್ನು ಅವನು ನಟಿಸಬೇಕಾಗಲಿಲ್ಲ.

ಇನ್ಸ್‌ಪೆಕ್ಟರು ಮಧ್ಯಾಹ್ನದ ಹೊತ್ತಿಗೆ ಬಂದರು. ಮೆತ್ತಗೆ ಮಾತಾಡುವ ಮನುಷ್ಯ, ಅದಕ್ಕೇ ಪುಕ್ಕಲನಿಗೆ ಇನ್ನಷ್ಟು ಭಯ. ಆದರೂ ಮಾತು ತಡವರಿಸಲಿಲ್ಲ. ಎಂಟರಿಂದ ಕೆಳಗೇ ಇದ್ದೆ ಸಾರ್, ನೂರನಲವತ್ತು ಚಕ್ರ ಮಗುಚಬೇಕು, ಬೆನ್ನು ನೋವು ಬೇರೆ, ಬೇಕಾದರೆ ನೀವೇ ಬಂದು ನೋಡಿ ಎಂದ. ಇಳಿದರು. ಅವನು ಹಲಗೆ ತೋರಿಸಿದ, ಲೆಕ್ಕ ವಿವರಿಸಿದ. ಇನ್ಸ್‌ಪೆಕ್ಟರು ಟಾರ್ಚು ಹಿಡಿದು ಸಾಲು ಸಾಲೂ ನಡೆದರು, ಅಲ್ಲೊಂದು ಇಲ್ಲೊಂದು ಚಕ್ರ ಎತ್ತಿ ಅಡಿ ನೋಡಿದರು. ಪ್ರತಿಯೊಂದರಲ್ಲೂ ಮುದ್ರೆ ಕೆಳಗಿತ್ತು. "ಸರಿ ಇದೆ," ಎಂದು ಬರೆದುಕೊಂಡರು. "ಇಷ್ಟು ಮಾಡೋಕೆ ಇಡೀ ಬೆಳಗು ಬೇಕೇ ಬೇಕು." ಮೂರು ದಿನದಲ್ಲಿ ಮೊದಲ ಸಲ ಪುಕ್ಕಲ ಎದೆ ತುಂಬ ಉಸಿರೆಳೆದುಕೊಂಡ.

ಬಾಗಿಲ ಹತ್ತಿರ ಭಾವ, ಅಕ್ಕನ ಗಂಡ, ಕೊನೆಯ ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು. ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಭಾವಮೈದುನನ ಕೈ ಹಿಡಿದು ಎದೆಗೊತ್ತಿಕೊಂಡರು. "ಇವನನ್ನ ಯಾಕೆ ಸಾರ್ ಕೇಳ್ತೀರಿ? ಇಂಥ ತಮ್ಮ ಯಾರಿಗೆ ಸಿಗ್ತಾನೆ? ಬೆನ್ನು ನೋವು ಅಂತಿದ್ನಲ್ಲ, ಪಾಪ ಅವನ ಪಾಲಿನದ್ದು ನಾನೇ ಮಾಡ್ತೀನಿ ಅಂತ ಇವತ್ತು ಬೆಳಿಗ್ಗೆ ಆರಕ್ಕೇ ಎದ್ದು ಇಲ್ಲಿಗೆ ಬಂದಿದ್ಲು ಅವಳು. ಐದೇ ನಿಮಿಷಕ್ಕೆ ವಾಪಸ್ ಬಂದು ಕಣ್ಣೊರೆಸ್ಕೊಂಡು ಹೇಳಿದ್ಲು, ನೋಡ್ರೀ, ಆ ನೋವಲ್ಲೂ ನಿನ್ನೆ ಸಂಜೆಯೇ ಅಷ್ಟೂ ಚಕ್ರ ಮಗುಚಿಟ್ಟು ಹೋಗಿದ್ದಾನೆ, ಮುದ್ರೆ ಎಲ್ಲ ಕೆಳಗಿದೆ, ಡೈರಿಗೆ ಕೊಡೋದು ಬೇಡ, ಇದನ್ನ ಅವನೇ ನಡೆಸ್ಲಿ ಅಂತ. ಇವತ್ತೇ ನಿಂಗೆ ಹೇಳ್ತೀನಿ ಅಂದಿದ್ಲಲ್ಲೋ. ಹೇಳ್ಲಿಲ್ವಾ?"