ಎಲ್ಲಿಗೆ ಅಂತ ಕೇಳಬಾರದು

“ಅಕ್ಕ ಹೊರಡುವಾಗ ಬಾಯಿಗೆ ಬೀಗ ಹಾಕ್ಕೋ,” ಎಂದಳು ಅಮ್ಮ, ವಸಂತಿಯ ಜಡೆಗೆ ರಿಬ್ಬನ್ ಬಿಗಿಯುತ್ತ. “ಎಲ್ಲಿಗೆ ಅಂತ ಕೇಳಿದ್ಯೋ, ನೋಡು ಮತ್ತೆ.”

ಕೇಳಲೇಬೇಕು ಎಂದು ವಸಂತಿ ನಿನ್ನೆಯೇ ತೀರ್ಮಾನಿಸಿದ್ದಳು.

ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದಂತೆ. ಕಡಲೂರು ಬಿಟ್ಟು ಡೆಲ್ಲಿಗೆ ಬಂದು ಜನಕಪುರಿಯಲ್ಲಿ ಹೋಟೆಲು ಇಟ್ಟರೂ ಅಮ್ಮ ಈ ನಂಬಿಕೆಯನ್ನು ಬಿಟ್ಟಿರಲಿಲ್ಲ. ಹೋದ ತಿಂಗಳು ಉಮಕ್ಕ ಬ್ಯಾಂಕಿನ ಇಂಟರ್‌ವ್ಯೂಗೆ ಹೊರಟಾಗ ವಸಂತಿ ಮರೆತು ಕೇಳಿಬಿಟ್ಟಿದ್ದಳು. ಆ ಕೆಲಸ ಸಿಗಲಿಲ್ಲ. ಅಮ್ಮ ದಿನಗಟ್ಟಲೆ ಗೊಣಗಿದಳು. ವಸಂತಿಗೋ ಹಾಲು ಕುಡಿದಷ್ಟು ಖುಷಿ. ಅಕ್ಕ ಮನೆಯಲ್ಲೇ ಉಳಿದಳಲ್ಲ!

ಉಮಕ್ಕ ಬಿ.ಎ. ಎಕನಾಮಿಕ್ಸ್ ಪಾಸಾದ ಮೇಲೆ ಹೋಟೆಲಿಗೆ ಬಂದವರೆಲ್ಲ ದೋಸೆ ತಿಂದು ಬುದ್ಧಿ ಹೇಳಿ ಹೋಗುತ್ತಿದ್ದರು. ಬ್ಯಾಂಕೇ ಒಳ್ಳೆಯದು ಎಂದರು ಒಬ್ಬರು. ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳಲಿ ಎಂದರು ಇನ್ನೊಬ್ಬರು. ಸರ್ಕಾರಿ ಆಫೀಸಿನ ಚಂದ್ರಮೋಹನ ಅಂಕಲ್, “ದೊಡ್ಡ ಪರೀಕ್ಷೆ ಕಟ್ಟಲಿ, ಮಿನಿಸ್ಟ್ರಿಯಲ್ಲೇ ಕುರ್ಚಿ ಸಿಗ್ತದೆ,” ಎಂದರು.

“ನಮ್ಮ ಗಲ್ಲಾದಲ್ಲಿ ಕೂತರಾಯ್ತಪ್ಪ. ಇದೂ ಎಕನಾಮಿಕ್ಸೇ ಅಲ್ವಾ?” ಎನ್ನುತ್ತಿದ್ದರು ಅಪ್ಪ ತನಿಯಪ್ಪ. ವಸಂತಿಯ ಓಟು ಅಪ್ಪನಿಗೇ.

ಆದರೆ ಉಮಕ್ಕ ಆರಿಸಿದ್ದು ಯಾರೂ ಹೇಳದ ಕೆಲಸವನ್ನು. ಸರ್ಕಾರದ ಸರ್ವೆ ಕೆಲಸ. ಇವತ್ತು ಅದರ ಇಂಟರ್‌ವ್ಯೂ. ಹಳ್ಳಿಹಳ್ಳಿಗೆ ಹೋಗಿ, ಜನ ಏನು ದುಡಿಯುತ್ತಾರೆ, ಏನು ತಿನ್ನುತ್ತಾರೆ ಎಂದು ಕೇಳಿ ಬರೆದುಕೊಳ್ಳಬೇಕು. ಸಿಕ್ಕರೆ ಮೊದಲ ಪೋಸ್ಟಿಂಗು ರಾಜಸ್ಥಾನದ ಯಾವುದೋ ಮೂಲೆಗಂತೆ.

ಇನ್ನು ಮಲಗುವಾಗ ಕತೆ ಹೇಳುವವರು ಯಾರು? ಲೆಕ್ಕ ತಪ್ಪಾದರೆ ಅಮ್ಮನಿಂದ ಬಚಾವು ಮಾಡುವವರು ಯಾರು?

ವಸಂತಿ ಸ್ಕೂಲ್ ಬ್ಯಾಗು ಹೊತ್ತು ಕೆಳಗಿನ ಹೋಟೆಲಿಗೆ ಇಳಿದಳು. ಉಮಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು ಗಲ್ಲಾದಲ್ಲಿ ಕೂತಿದ್ದಳು. ಮುಂದೆ ಚಹಾ ಕುಡಿಯುತ್ತ ನಿಂತಿದ್ದವಳು ಪಕ್ಕದ ಹೊಸ ಕ್ವಾರ್ಟರ್ಸಿಗೆ ಇಟ್ಟಿಗೆ ಹೊರುವ ರಾಜಸ್ಥಾನದ ಹೆಂಗಸು.

“ಊರಲ್ಲಿ ಮಕ್ಕಳಿಗೆ ಹಾಲು ಸಿಗ್ತದಾ?” ಉಮಕ್ಕ ಹಿಂದಿಯಲ್ಲಿ ಕೇಳಿದಳು.

“ಎಲ್ಲಿಂದ, ದೀದಿ? ಬರಗಾಲದಲ್ಲಿ ಆಡನ್ನೇ ಮಾರಿದೆವು.”

“ಮತ್ತೆ ಏನು ಕೊಡ್ತೀರಿ?”

ಹೆಂಗಸು ಹೇಳುತ್ತ ಹೋದಳು. ಉಮಕ್ಕ ಮುಂದಕ್ಕೆ ಬಾಗಿ ಕೇಳುತ್ತ ಹೋದಳು. ಬಿಲ್ಲು ಕೊಡಲು ಬಂದವರು ಕೆಮ್ಮಿದರೂ ಅವಳಿಗೆ ಗೊತ್ತಾಗಲಿಲ್ಲ.

ವಸಂತಿ ಅಕ್ಕನ ಮುಖವನ್ನೇ ನೋಡಿದಳು. ಬ್ಯಾಂಕಿಗೆ ಹೊರಟ ದಿನ ಆ ಮುಖ ಕಹಿ ಔಷಧಿ ಕುಡಿಯಲು ಹೊರಟ ಹಾಗಿತ್ತು. ಗಲ್ಲಾದಲ್ಲಿ ಕೂತ ದಿನಗಳಲ್ಲಿ ಬಾಡಿರುತ್ತಿತ್ತು. ಇವತ್ತು ಅದು ಬೇರೆಯೇ ಮುಖ. ಇಷ್ಟು ದಿನ ಇದನ್ನು ಅಕ್ಕ ಎಲ್ಲಿ ಬಚ್ಚಿಟ್ಟಿದ್ದಳೋ.

ಬಸ್ಸಿನ ಹೊತ್ತಾಯಿತು. ಅಮ್ಮ ಬಾಗಿಲಿಗೆ ಬಂದು ವಸಂತಿಯನ್ನು ಕಣ್ಣಲ್ಲೇ ಗದರಿಸಿದಳು. ಉಮಕ್ಕ ಚಪ್ಪಲಿ ಮೆಟ್ಟಿ, ರಸ್ತೆಗಿಳಿದು, ತಿರುಗಿ ನಿಂತಳು.

“ಏನೇ, ಇವತ್ತು ಕೇಳಲ್ವಾ?” ಅವಳು ನಗುತ್ತಿದ್ದಳು. ಕಣ್ಣಲ್ಲಿ ಮಾತ್ರ ಒಂಚೂರು ಅಳುಕಿತ್ತು.

ಮಾತು ವಸಂತಿಯ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಅದನ್ನು ನುಂಗಿಕೊಂಡಳು.

“ಹೋಗಿ ಬಾ, ಅಕ್ಕ. ಜಲ್ದಿ ಬಾ.”

ಉಮಕ್ಕ ಅವಳ ಕೆನ್ನೆ ಹಿಂಡಿ ಓಡಿಹೋಗಿ ಬಸ್ಸು ಹತ್ತಿದಳು. ಕಿಟಕಿಯಿಂದ ಕೈ ಬೀಸಿದಳು. ಬಸ್ಸು ಧೂಳೆಬ್ಬಿಸುತ್ತ ತಿರುವು ದಾಟಿತು. ವಸಂತಿ ಬ್ಯಾಗಿನ ಪಟ್ಟಿ ಹಿಡಿದು ನೋಡುತ್ತಲೇ ನಿಂತಳು.

ಬಸ್ಸಿನ ಸದ್ದೂ ಅಡಗಿತು. ಇನ್ನು ಕೇಳಿದರೆ ಯಾವ ಕೆಲಸವೂ ಕೆಡಲಾರದು ಎಂದು ಖಾತ್ರಿಯಾದ ಮೇಲೆ ಅವಳು ಮೆಲ್ಲಗೆ ಕೇಳಿದಳು:

“ಎಲ್ಲಿಗೆ, ಅಕ್ಕ?”