ಟವೆಲ್ ಕೆಳಗಿನ ಬೆರಳು

“ಗಾಡಿ ಸಾವಕಾಶ ಮಾಡವ್ವಾ... ಸಾವಕಾಶ!”

ಗಂಟಲು ಹರಿಯುವ ಹಾಗೆ ಕೂಗಿದೆ.

ಬೈಕಿನ ಮೀಟರ್ ಮುಳ್ಳು ಎಪ್ಪತ್ತು ದಾಟಿತ್ತು. ಪಕ್ಕದಲ್ಲೇ ಬಿಳಿ ಕಾರು. ಗ್ಲಾಸು ಪೂರಾ ಏರಿಸಿತ್ತು. ಸ್ಟೇರಿಂಗ್ ಹಿಡಿದಿದ್ದ ಅನುರಾಧಾ ನನ್ನ ಕಡೆ ನೋಡಿದಳು. ನಕ್ಕಳು. ಒಂದು ಕೈ ಎತ್ತಿ ಟಾಟಾ ಮಾಡಿದಳು!

ಎದುರಿನಿಂದ ಬಸ್ಸು ಬಂತು. ಹಾರ್ನು... ಹೆಡ್‌ಲೈಟು!

ಬೈಕನ್ನು ಕಾರಿನ ಹಿಂದಕ್ಕೆ ಎಳೆದೆ. ಬಸ್ಸಿನ ಗಾಳಿ ಅಂಗಿಯನ್ನು ಕಿತ್ತುಕೊಂಡು ಹೋದ ಹಾಗಾಯಿತು.

ಆಗ ಕಂಡಿತು. ಕಾರು ಹೋದ ದಾರಿಯುದ್ದಕ್ಕೂ ಡಾಂಬರಿನ ಮೇಲೆ ತೊಟ್ಟು ತೊಟ್ಟು ಎಣ್ಣೆ.

ಬ್ರೇಕಿನ ಎಣ್ಣೆ.

ಕಾರಿನಲ್ಲಿ ನಾಲ್ಕು ಹುಡುಗಿಯರು. ಆ ಕಾರನ್ನು ಆರಿಸಿ ಕೊಟ್ಟವನು ನಾನು!

ಅದು ಹೇಗಾಯಿತು ಎಂದು ಹೇಳುತ್ತೇನೆ, ಕೇಳು ತಮ್ಮಾ. ನೀನೂ ಸ್ಟೂಡೆಂಟ್. ನೀನೂ “ಕಡಿಮಿ ರೇಟಿಂದು, ಸಸ್ತಾದ್ದೊಂದು ಕಾರು ನೋಡಿಕೊಡ್ರಿ” ಎಂದು ಬಂದಿದ್ದೀಯ. ಮೊದಲು ಇದನ್ನು ಕೇಳು.

ನಾನು ಸಿದ್ದಲಿಂಗ. ಹಳೇ ಕಾರು ಕೊಳ್ಳುವವರ ಜೊತೆ ಹೋಗಿ ಗಾಡಿ ನೋಡಿಕೊಡುವುದು ನನ್ನ ಕೆಲಸ. ಓದಿದ್ದು ಏಳನೇ ಕ್ಲಾಸು. ಆದರೆ ಎಂಜಿನ್ ಕೆಮ್ಮಿದರೆ ರೋಗ ಯಾವುದೆಂದು ಹೇಳಬಲ್ಲೆ. ಆಳಂದದಲ್ಲಿ ನನ್ನ ಮಾತಿಗೆ ಬೆಲೆಯಿತ್ತು.

ಇತ್ತು.

ಅನುರಾಧಾಳ ಊರು ಕಿಣ್ಣಿ ಸುಲ್ತಾನ. ಕಡಗಂಚಿಯ ಯೂನಿವರ್ಸಿಟಿಯಲ್ಲಿ ಗಣಿತದ ಎಂ.ಎಸ್ಸಿ. ಓದುತ್ತಿದ್ದಳು.

“ಕಾಕಾ, ನಾಕು ಮಂದಿ ಕೂಡಿ ತಗೋಳಾಕತ್ತೇವ್ರಿ. ಸಸ್ತಾ ಇರಬೇಕು. ನಡು ದಾರ‍್ಯಾಗ ಕೈ ಕೊಡಬಾರ್ದು.”

“ಯಾಕವ್ವಾ, ಬಸ್ ಇಲ್ಲೇನು?”

“ಅದಾವ್ರಿ. ನಮ್ಮ ಕಡಿ ಬರೋದ್ರಾಗ ಫುಟ್‌ಬೋರ್ಡ್ ಮ್ಯಾಲೂ ಜಾಗಾ ಇರಂಗಿಲ್ಲ. ಹೋದ ಸೆಮಿಸ್ಟರ್ ಒಂದು ಪೇಪರ್ ತಪ್ಪಿಸಿಕೊಂಡೀನಿ.”

ಅವಳನ್ನು ಕರೆದುಕೊಂಡು ಎರಡು ಭಾನುವಾರ ತಿರುಗಿದೆ.

ಜೇವರ್ಗಿಯಲ್ಲಿ ಒಂದು ಕಾರು ನೋಡಿದೆವು. ಬಾನೆಟ್ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು.

“ನಾವು ಬರೋದಕ್ಕಿಂತ ಮೊದಲಽ ಸ್ಟಾರ್ಟ್ ಮಾಡಿಟ್ಟಾರ. ತಣ್ಣಗಿದ್ದಾಗ ಹೊಗಿ ಬಿಡ್ತದ ಇದು. ಬ್ಯಾಡ.”

ಇನ್ನೊಂದರ ಮೀಟರ್ ನಲವತ್ತು ಸಾವಿರ ತೋರಿಸುತ್ತಿತ್ತು. ಪೆಡಲ್ ಮೇಲಿನ ರಬ್ಬರು ಮಾತ್ರ ಸವೆದು ಬೋಳಾಗಿತ್ತು.

“ಮೀಟರ್ ತಿರುಗಿಸಬಹುದವ್ವಾ. ಪೆಡಲ್ ಸವೆದದ್ದು ಮುಚ್ಚಾಕ ಬರಂಗಿಲ್ಲ.”

ಅವಳು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ನಾನು ಹೇಳಿದ ಮಾತಿನ ಕೆಳಗೆ ಗೆರೆ ಎಳೆದಳು! ಕಾಲೇಜು ಮೇಷ್ಟ್ರಿಗೆ ಕೊಡುವ ಮರ್ಯಾದೆಯನ್ನು ನನಗೆ ಕೊಟ್ಟಳು.

ಮೂರನೆಯದು ದೌಲತರಾಯನ ಯಾರ್ಡಿನಲ್ಲಿತ್ತು. ಬಿಳಿ ಕಾರು. ಹೊರಗೆಲ್ಲ ಮಿಂಚು. ಒಳಗೆ ಅತ್ತರಿನ ವಾಸನೆ.

ಸೀಟ್‌ಬೆಲ್ಟನ್ನು ಪೂರಾ ಹೊರಗೆ ಎಳೆದೆ. ತುದಿಯಲ್ಲಿ ಒಣಗಿದ ಕೆಸರಿನ ಗೆರೆ.

ಅಫಜಲಪುರದ ಕಡೆಯ ಗಾಡಿ. ಭೀಮೆಯ ಪ್ರವಾಹದಲ್ಲಿ ಮುಳುಗಿ ಎದ್ದದ್ದು.

ಕೆಳಗೆ ತೂರಿ ನೋಡಿದೆ. ತಳಕ್ಕೆಲ್ಲ ಹೊಸ ಕಪ್ಪು ಪೇಂಟು. ಬ್ರೇಕಿನ ಪೈಪನ್ನು ಉಗುರಿನಿಂದ ಕೆರೆದೆ. ಪೇಂಟಿನ ಜೊತೆ ತುಕ್ಕೂ ಉದುರಿತು.

ಎದ್ದು ಬಂದೆ. ಬಾಯಿ ತೆರೆಯುವಷ್ಟರಲ್ಲಿ ದೌಲತರಾಯ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈ ಮೇಲೆ ಹಾಸಿದ.

ಜೇವರ್ಗಿಯ ದನದ ಸಂತೆಯಲ್ಲಿ ನೋಡಿರಬೇಕು ನೀನು. ದಲ್ಲಾಳಿಗಳು ಬಾಯಿಬಿಟ್ಟು ದರ ಹೇಳುವುದಿಲ್ಲ. ಟವೆಲ್ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿಯುತ್ತಾರೆ. ಎಷ್ಟು ಬೆರಳು, ಅಷ್ಟು ದರ. ನಮ್ಮಪ್ಪ ಅಲ್ಲಿ ದಲ್ಲಾಳಿ. ಆ ಲೆಕ್ಕ ನನಗೆ ಹುಟ್ಟಿನಿಂದ ಬಂದದ್ದು. ಎತ್ತು ಹೋಗಿ ಕಾರು ಬಂತು. ಟವೆಲ್ ಮಾತ್ರ ಹೋಗಲಿಲ್ಲ.

ಮೊದಲು ಕಾರಿನ ದರ ಹಿಡಿದ. ಆಮೇಲೆ ಇನ್ನೊಮ್ಮೆ ಬೆರಳು ಹಿಡಿದ.

ಅದು ಕಾರಿನ ದರವಲ್ಲ. ನನ್ನದು!

“ಪೈಪ್ ಬದಲಿ ಮಾಡೇ ಕೊಡ್ತೇನೋ ಸಿದ್ದಣ್ಣ,” ಎಂದು ಕಿವಿಯಲ್ಲಿ ಪಿಸುಗುಟ್ಟಿದ.

ಅನುರಾಧಾ ಟವೆಲನ್ನೇ ನೋಡುತ್ತಿದ್ದಳು.

“ಇದ್ಯಾವ ಆಟ್ರಿ ಕಾಕಾ?”

“ನಿನ್ನ ಸಲುವಾಗಿ ರೇಟ್ ಇಳಸಾಕತ್ತೇನವ್ವಾ.”

ಎಷ್ಟು ಸಲೀಸಾಗಿ ಬಂತು ಆ ಮಾತು! ನಾಲಿಗೆ ತೊದಲಲೂ ಇಲ್ಲ.

ಪೈಪ್ ಬದಲಾಯಿತೋ ಇಲ್ಲವೋ ನೋಡಲು ನಾನು ಹೋಗಲಿಲ್ಲ. ಹೋದರೆ ಗೊತ್ತಾಗಿಬಿಡುತ್ತಿತ್ತಲ್ಲ... ಅದಕ್ಕೇ ಹೋಗಲಿಲ್ಲ.

ಹುಡುಗಿಯರು ಆ ಕಾರು ಕೊಂಡು ಹದಿನೆಂಟು ದಿನ ಕಳೆಯಿತು. ಆ ಬೆಳಿಗ್ಗೆ ಬೇರೆ ಗಿರಾಕಿಯ ಕೆಲಸಕ್ಕೆ ಯಾರ್ಡಿಗೆ ಹೋಗಿದ್ದೆ. ಪೇಂಟ್ ಹೊಡೆಯುವ ಖಮರ ಹತ್ತಿರ ಬಂದ.

“ಸಿದ್ದಣ್ಣ, ಆ ಹುಡುಗ್ಯಾರ ಗಾಡಿ ಓಡಾಕತ್ತದೇನ್ರಿ?”

“ಯಾಕೋ?”

“ಹೊಸಾ ಪೈಪ್ ಹಾಕಿಲ್ರಿ. ಸೇಠ್ ಹೇಳಿದ್ರು, ಮ್ಯಾಲೆ ಇನ್ನೊಂದು ಕೋಟ್ ಹೊಡದೆ. ಹಳೇ ಪೈಪು ಹಪ್ಪಳ ಆಗ್ಯಾವ್ರಿ. ನನಗ ನಿದ್ದಿ ಬರವಲ್ದು.”

ಅವರು ಕಡಗಂಚಿಗೆ ಹೊರಡುವ ಹೊತ್ತು. ಅನುರಾಧಾಳಿಗೆ ಫೋನ್ ಮಾಡಿದೆ. ರಿಂಗಾಯಿತು. ಎತ್ತಲಿಲ್ಲ. ಮತ್ತೆ ಮಾಡಿದೆ... ಎತ್ತಲಿಲ್ಲ.

ಗಾಡಿ ಓಡಿಸುವಾಗ ಫೋನ್ ಮುಟ್ಟಬೇಡ ಎಂದು ಅವಳಿಗೆ ಹೇಳಿದವನೂ ನಾನೇ!

ಬೈಕಿನ ಕಡೆ ಓಡಿದೆ. ದೌಲತರಾಯ ಅಡ್ಡ ನಿಂತಿದ್ದ. ಕೈಯಲ್ಲಿ ವೀಲ್ ಸ್ಪ್ಯಾನರ್.

“ಎಲ್ಲಿಗಿ ಹೊಂಟಿ ಲೇ?”

“ಬಾಜೂ ಸರಿ.”

“ಗಾಡಿ ಮಾರಿ ಆಗೇದ. ಮಾತು ಮುಗದದ. ಬಾಯಿ ಬಿಟ್ಟಿ ಅಂದ್ರ ನಿನ್ನ ಬೆರಳೂ ಹೊರಗ ಬರ್ತಾವ, ನೆಪ್ಪಿಡು.”

ಸ್ಪ್ಯಾನರ್ ನನ್ನ ಗಂಟಲಿಗೆ ಒತ್ತಿತು.

ಪಕ್ಕದ ಸ್ಟೂಲಿನ ಮೇಲೆ ಕಬ್ಬಿಣದ ಜಾಕ್ ಇತ್ತು. ತಳ್ಳಿದೆ. ಸರಿಯಾಗಿ ಅವನ ಪಾದದ ಮೇಲೆ!

ಅವನ ಬೈಗುಳ ಗೇಟಿನವರೆಗೂ ನನ್ನ ಜೊತೆ ಬಂತು.

ಹೀಗೆ ಬಂದೆ ತಮ್ಮಾ, ಕಡಗಂಚಿಯ ಆ ರೋಡಿಗೆ.

ಬಸ್ಸು ದಾಟಿತು. ಕಾರಿನ ಮುಂದೆ ಈಗ ಕಬ್ಬಿನ ಟ್ರ್ಯಾಕ್ಟರು. ಎರಡು ಟ್ರೇಲರು. ಆಮೆಯ ಹಾಗೆ ಹೋಗುತ್ತಿತ್ತು.

ಇವಳು ಬ್ರೇಕ್ ಹಾಕಲೇಬೇಕು!

ಮತ್ತೆ ಪಕ್ಕಕ್ಕೆ ನುಗ್ಗಿದೆ. ಮುಷ್ಟಿಯಿಂದ ಗ್ಲಾಸು ಗುದ್ದಿದೆ. ಗ್ಲಾಸು ಇಳಿಯಿತು.

“ಏನಾತ್ರಿ ಕಾಕಾ?”

“ಬ್ರೇಕ್ ಹೋಗ್ಯಾದ!”

ಅವಳು ಒತ್ತಿ ನೋಡಿದಳು. ಪೆಡಲ್ ಸೀದಾ ನೆಲಕ್ಕೆ ಹೋಗಿರಬೇಕು. ಅವಳ ಮುಖದಲ್ಲೇ ಗೊತ್ತಾಯಿತು. ಆ ಮುಖ...

“ಕಾಕಾ!”

“ಅಂಜಬ್ಯಾಡ! ಗೇರ್ ಇಳಸು. ಮೂರು... ಈಗ ಎರಡು! ಹ್ಯಾಂಡ್‌ಬ್ರೇಕ್ ಒಮ್ಮೆಲೆ ಜಗ್ಗಬ್ಯಾಡ, ಸಾವಕಾಶ ಎತ್ತು. ಎಡಕ್ಕ ತೊಗರಿ ಹೊಲ ಅದ. ಹೊಲದಾಗ ಇಳಸು!”

ಟ್ರೇಲರು ಹತ್ತು ಮಾರು ದೂರ. ಐದು ಮಾರು...

ಕಾರು ಎಡಕ್ಕೆ ತಿರುಗಿತು. ರೋಡಿನ ಅಂಚು ಹಾರಿತು. ಆಳೆತ್ತರದ ತೊಗರಿಯೊಳಗೆ ನುಗ್ಗಿ, ಗಿಡಗಳನ್ನು ಮುರಿಯುತ್ತ ಮುರಿಯುತ್ತ... ನಿಂತಿತು.

ಬೈಕ್ ಬಿಟ್ಟು ಓಡಿದೆ. ಬಾಗಿಲು ಎಳೆದೆ. ನಾಲ್ವರೂ ಉಸಿರಾಡುತ್ತಿದ್ದರು. ಮುಂದಿನ ಸೀಟಿನಲ್ಲಿದ್ದ ಗೆಳತಿ ಕೈನಾತ ಮಾತ್ರ ಮಣಿಕಟ್ಟು ಹಿಡಿದುಕೊಂಡು ಅಳುತ್ತಿದ್ದಳು. ಮೂಳೆ ಮುರಿದಿತ್ತು.

ಹೊಲದ ಒಡತಿ ಹಣಮವ್ವ ನೀರಿನ ತಂಬಿಗೆ ಹಿಡಿದು ಓಡಿ ಬಂದಳು.

“ತೊಗರಿ ಹೋದ್ರ ಹೋಗ್ಲಿ ಬಿಡ್ರಿ, ಹುಡುಗ್ಯಾರು ಉಳದ್ರಲ್ಲಾ! ಈ ಅಣ್ಣಾ ದೇವರು ಬಂದಂಗ ಬಂದ ನೋಡ್ರಿ!”

ದೇವರು! ನಾನು ನೆಲ ನೋಡಿದೆ.

ಅನುರಾಧಾ ಸ್ಟೇರಿಂಗ್ ಬಿಟ್ಟು ಕೆಳಗೆ ಇಳಿದಳು.

“ತಪ್ಪು ನಂದೇ ಕಾಕಾ. ಎರಡು ದಿನದಿಂದ ಬ್ರೇಕ್ ಮೆತ್ತಗ ಅನಸಾಕತ್ತಿತ್ತು. ನನಗಽ ಒತ್ತಾಕ ಬರವಲ್ದು ಅನಕೊಂಡೆ. ಕೈನಾತಳ ಕೈ ನಾನೇ ಮುರದೆ.”

ನನ್ನ ಫೋನ್ ಬಡಿದುಕೊಂಡಿತು. ದೌಲತರಾಯ.

“ಏನಾತೋ? ಸತ್ತಿಲ್ಲಲ್ಲ ಯಾರೂ? ಹಂಗಾದ್ರ ಕೇಳು. ಹುಡುಗಿಗಿ ಡ್ರೈವಿಂಗ್ ಬರಂಗಿಲ್ಲ ಅಂತ ಹೇಳು. ನಂದೂ ಉಳೀತದ, ನಿಂದೂ ಉಳೀತದ.”

ಸುಲಭವಿತ್ತು ತಮ್ಮಾ. ಅವಳೇ ತಪ್ಪು ಒಪ್ಪಿಕೊಂಡಿದ್ದಳು. ನಾನು ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದರಲ್ಲಿ ನಾನು ಪಳಗಿದವನು.

ಫೋನ್ ಕಟ್ ಮಾಡಿದೆ.

“ತಪ್ಪು ನಿಂದಲ್ಲವ್ವಾ,” ಎಂದೆ.

ಎಲ್ಲ ಹೇಳಿದೆ. ಬೆಲ್ಟಿನ ಕೆಸರು, ಪೈಪಿನ ತುಕ್ಕು, ಟವೆಲ್ ಕೆಳಗೆ ಎರಡನೇ ಸಲ ಹಿಡಿದ ಬೆರಳು. ಕೈನಾತಳ ಆಸ್ಪತ್ರೆ ಖರ್ಚು ನನ್ನದು, ಪೊಲೀಸರ ಮುಂದೆಯೂ ಇದನ್ನೇ ಹೇಳುತ್ತೇನೆ ಎಂದೆ. ಹೇಳಿದೆ ಕೂಡ. ಕೇಸು ನಡೆದಿದೆ. ದೌಲತರಾಯನ ಹೆಸರಿನ ಕೆಳಗೆ ನನ್ನ ಹೆಸರೂ ಇದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು. ಮುರಿದ ತೊಗರಿಯ ನಡುವೆ ನಿಂತು ನನ್ನನ್ನೇ ನೋಡಿದಳು.

“ಎಷ್ಟು ಕೊಟ್ಟಾರ್ರಿ ನಿಮಗ?”

“ಆರು ಸಾವಿರ.”

ಒಳಗೆ ಕೂತವರ ಕಡೆ ತಿರುಗಿದಳು. ಗಣಿತದ ಹುಡುಗಿ. ಲೆಕ್ಕಕ್ಕೆ ಅರೆಕ್ಷಣವೂ ಹಿಡಿಯಲಿಲ್ಲ.

“ತಲಿಗಿ ಹದಿನೈದು ನೂರು... ಭಾಳ ಸಸ್ತಾ ಹೋದ್ವಿ ಬಿಡ್ರಿ, ಕಾಕಾ.”