ಕೂರದ ಅತ್ತೆ

ಕೊಟ್ಟೂರಿನಿಂದ ಹೊಸಪೇಟೆಗೆ ಓಡುತ್ತಿದ್ದ ಸಣ್ಣ ರೈಲು ನಿಂತುಹೋಗುತ್ತದೆಂದು ತಿಳಿದಾಗ, ಕೊನೆಯ ದಿನ ಅತ್ತೆ ಎರ್ರಮ್ಮನವರನ್ನು ಫಸ್ಟ್ ಕ್ಲಾಸಿನಲ್ಲಿ ಕರೆದೊಯ್ದೆ. ಜೀವಮಾನವೆಲ್ಲ ಬಾಗಿಲ ಬಳಿ ನಿಂತೇ ಹೋದವರು. ಒಮ್ಮೆಯಾದರೂ ಮೆತ್ತೆಯ ಮೇಲೆ ಕೂರಲಿ ಎಂದು. ನಸುಕಿನಲ್ಲೆದ್ದು ರೊಟ್ಟಿ ಬಡಿದು, ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೊರಟಿದ್ದೆ.

ಡಬ್ಬಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಅತ್ತೆ ಕೂರಲೇ ಇಲ್ಲ.

"ಕುಂದ್ರರಿ ಅತ್ತಿ!"

"ಸುಮ್ಕಿರವ್ವ. ಮಾವನ ಮುಂದ ಹೆಂಗ ಕುಂದ್ರಲಿ?"

ಅವರ ಮಾವ, ಅಂದರೆ ನನ್ನ ಗಂಡನ ಅಜ್ಜ, ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡವರು.

"ಅವ್ರಿಗ್ಯಾರು ಟಿಕೀಟು ತೆಗಿಸಿದ್ರು? ಖಾಲಿ ಐತಿ ನೋಡ್ರಿ!" ಎಂದು ಸಿಟ್ಟಿನಿಂದ ಕಿಟಕಿ ಪಕ್ಕದ ಸೀಟು ಬಡಿದೆ. ಅಂಗೈಗೆ ಬೆಚ್ಚಗೆ ತಗುಲಿತು. ಆ ಕಡೆ ಬಿಸಿಲಿರಲಿಲ್ಲ. ಮೆತ್ತೆಯ ನಡುವೆ ತಗ್ಗು ಬಿದ್ದಿತ್ತು. ಹೊಗೆಸೊಪ್ಪಿನ ವಾಸನೆ ಬಂತು.

ಅತ್ತೆ ನಿಂತಿರುವಾಗ ಸೊಸೆ ಕೂರುವಂತಿಲ್ಲ. ಅಷ್ಟು ದುಡ್ಡು ಕೊಟ್ಟು ಇಬ್ಬರೂ ನಿಂತೇ ಹೊರಟೆವು.

ಹಗರಿಬೊಮ್ಮನಹಳ್ಳಿಯಲ್ಲಿ ರೈಲು ನಿಂತಾಗ ಮೆತ್ತೆಯ ತಗ್ಗು ಮೆಲ್ಲಗೆ ಮೇಲೆದ್ದು ಸಮವಾಯಿತು. ಅತ್ತೆ ತಲೆಯ ಮೇಲೆ ಸೆರಗೆಳೆದುಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಆಮೇಲೆ ಕಿಟಕಿಯ ಬಳಿ ಆರಾಮಾಗಿ ಕುಳಿತು ಹೊರಗೆ ನೋಡತೊಡಗಿದರು.

"ಇನ್ನ ನೀನೂ ಕುಂದ್ರು ಬಾ," ಎಂದರು.

ನಾನು ಮಾತ್ರ ಹೊಸಪೇಟೆವರೆಗೂ ನಿಂತೇ ಬಂದೆ.